ರಾಜೀನಾಮೆ ಬರೆಸಿಕೊಂಡ ಮೇಲೂ ಉಳಿದ ಬಾಕಿ: ಉದ್ಯಮಬಾಗದ ಒಂದು ಪ್ರಕರಣ

ಗಣಪತಿ ವಿಸರ್ಜನೆ ಮುಗಿದು ಮೂರು ದಿನವಾಗಿತ್ತು. 2022ರ ಸೆಪ್ಟೆಂಬರ್. ಬೆಳಗಾವಿ ಕೋರ್ಟ್ ಆವರಣದ ಹತ್ತಿರವಿರುವ ನಮ್ಮ ಕಚೇರಿಗೆ ಅತ್ತೆ-ಸೊಸೆ ಬಂದರು. ಸೊಸೆಯ ಮಡಿಲಲ್ಲಿ ಕುಂಚಿಗೆ ಕಟ್ಟಿದ ನಾಲ್ಕು ತಿಂಗಳ ಕೂಸು. ಮಾತು ತೆಗೆದವರು ಅತ್ತೆ: "ಅಕ್ಕಾರ, ನಮ್ಮ ಸೊಸಿ ದುಡದದ್ದು ಕೇಳಾಕ ಬಂದೇವ್ರಿ. ಪುಕ್ಕಟೆ ಏನೂ ಬ್ಯಾಡ."

ಸೊಸೆ ಒಂದು ಪ್ಲಾಸ್ಟಿಕ್ ಫೈಲನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ನಾಲ್ಕು ವರ್ಷದ ಪೇಸ್ಲಿಪ್‌ಗಳು ತಿಂಗಳವಾರು ಜೋಡಿಸಿದ್ದವು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡಿನ ಝೆರಾಕ್ಸ್, ತಾಯಿ ಕಾರ್ಡು, ರಾಜೀನಾಮೆ ಪತ್ರದ ಒಂದು ಪ್ರತಿಯೂ ಇತ್ತು. ಇಷ್ಟು ಕಾಗದ ಕೈಯಲ್ಲಿ ಹಿಡಿದು ಬರುವ ಕಕ್ಷಿದಾರರು ನನಗೆ ಅಪರೂಪ. ಗೆಳತಿಯರು, ಪರಿಚಯದವರು ಎಲ್ಲರೂ ಆಕೆಗೆ ಒಂದೇ ಮಾತು ಹೇಳಿದ್ದರಂತೆ: ರಾಜೀನಾಮೆ ಕೊಟ್ಟ ಮೇಲೆ ಕಂಪನಿಗೂ ನಿನಗೂ ಏನು ಸಂಬಂಧ? ಈ ಮಾತು ತಪ್ಪು. ಎಷ್ಟು ತಪ್ಪು ಎಂದು ತೋರಿಸಲಿಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಹೆಸರು, ಕಂಪನಿ ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ನಡೆದದ್ದು

ಆಕೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. 2017ರ ಜುಲೈನಲ್ಲಿ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಸೇರಿದಳು. ಹೈಡ್ರಾಲಿಕ್ ವಾಲ್ವಿನ ಬಿಡಿಭಾಗ ತಯಾರಿಸುವ ಘಟಕ. ಸುಮಾರು ಎಪ್ಪತ್ತು ಜನ ಕೆಲಸಗಾರರು, ಅದರಲ್ಲಿ ಆರು ಹೆಣ್ಣುಮಕ್ಕಳು. ಮೈಕ್ರೋಮೀಟರ್, ಬೋರ್ ಗೇಜ್ ಹಿಡಿದು ಪ್ರತಿ ಲಾಟಿನ ಅಳತೆ ನೋಡುವುದು, ರಿಪೋರ್ಟು ಬರೆಯುವುದು, ಅಳತೆ ತಪ್ಪಿದ ಜಾಬಿಗೆ ಕೆಂಪು ಟ್ಯಾಗ್ ಕಟ್ಟುವುದು ಆಕೆಯ ಕೆಲಸ.

2019ರ ಆಗಸ್ಟಿನಲ್ಲಿ ಅದೇ ಹುದ್ದೆಗೆ ಒಬ್ಬ ಹುಡುಗ ಬಂದ. ಅದೇ ಡಿಪ್ಲೊಮಾ, ಅನುಭವ ಆಕೆಗಿಂತ ಎರಡು ವರ್ಷ ಕಡಿಮೆ. ಅವನಿಗೆ ಕೆಲಸ ಕಲಿಸಿದವಳೇ ಈಕೆ. ಅವನ ಪಗಾರ ಮೊದಲ ತಿಂಗಳಿಂದಲೇ ಆಕೆಯದಕ್ಕಿಂತ 2,600 ರೂಪಾಯಿ ಹೆಚ್ಚು. ಆಮೇಲೆ ಇಬ್ಬರದೂ ವರ್ಷಕ್ಕೊಮ್ಮೆ ಒಂದೇ ಸಮ ಏರಿತು, ಅಂತರ ಮಾತ್ರ ಹಾಗೇ ಉಳಿಯಿತು. 2022ರ ಜನವರಿಯಲ್ಲಿ ಡಿಎ ಸೇರಿ ಆಕೆಯ ಮೂಲ ಪಗಾರ 12,300, ಅವನದು 14,900.

ಆಕೆ ಬಸುರಿಯಾದ ಸುದ್ದಿಯನ್ನು ನವೆಂಬರಿನಲ್ಲೇ ಮೇಲಿನವರಿಗೆ ತಿಳಿಸಿದ್ದಳು. ಜನವರಿ ಕೊನೆಗೆ ಕಚೇರಿಗೆ ಕರೆದರು. ಆಗ ಕೇಳಿದ ಮಾತನ್ನು ಆಕೆ ನನಗೆ ಹೇಳಿದ ಹಾಗೇ ಬರೆಯುತ್ತೇನೆ: "ಆರು ತಿಂಗಳ ನಿಮ್ಮ ಜಾಗಾ ಖಾಲಿ ಇಡಾಕ ಆಗಂಗಿಲ್ರಿ ಮೇಡಂ. ಸದ್ಯಕ್ಕ ರಾಜೀನಾಮಿ ಕೊಡ್ರಿ. ಹಡದು ಬರ್ರಿ, ಮತ್ತ ತಗೋತೀವಿ. ಪಿಎಫ್ ರೊಕ್ಕಾನೂ ಕೈಗೆ ಸಿಗತೈತಿ." ಪತ್ರ ಮೊದಲೇ ಇಂಗ್ಲಿಷಿನಲ್ಲಿ ಟೈಪಾಗಿತ್ತು. ಆಕೆ ಸಹಿ ಹಾಕಿದಳು. ಯಾಕೆ ಹಾಕಿದೆ ಎಂದು ನಾನು ಕೇಳಲಿಲ್ಲ. ಆರನೇ ತಿಂಗಳ ಬಸುರಿ, ಸಂಜೆ ಐದೂವರೆ, ಎದುರಿಗೆ ಮೂವರು ಗಂಡಸರು.

ಮೇ ತಿಂಗಳಲ್ಲಿ ಹೆರಿಗೆಯಾಯಿತು. ಬಾಣಂತನ ಮುಗಿಸಿ ತವರಿನಿಂದ ಬಂದವಳು ಆಗಸ್ಟಿನಲ್ಲಿ ಕಂಪನಿಗೆ ಹೋದರೆ ಆ ಜಾಗದಲ್ಲಿ ಬೇರೊಬ್ಬ ಹುಡುಗ ಕೂತಿದ್ದ. "ಸಣ್ಣ ಕೂಸಿನ ತಾಯಿ ಅದೀರಿ, ನಿಮಗ್ಯಾಕ್ರಿ ಈ ಎಣ್ಣಿ-ಗ್ರೀಸಿನ ಕೆಲಸ?" ಎಂದು ಹೇಳಿ ಕಳಿಸಿದರು.

ನಮ್ಮ ಮೊದಲ ತಪ್ಪು

ಮೊದಲ ನೋಟಿಸಿನಲ್ಲಿ ನಾನು 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಮುಂದಿಟ್ಟೆ. 2017ರ ತಿದ್ದುಪಡಿಯಿಂದ ಹನ್ನೆರಡು ವಾರದ ರಜೆ 26 ವಾರವಾಗಿದೆ. ಬಸುರಿಯನ್ನು ಕೆಲಸದಿಂದ ತೆಗೆಯುವುದನ್ನು ಅದರ 12ನೇ ಕಲಂ ತಡೆಯುತ್ತಿತ್ತು. ಎಲ್ಲರಿಗೂ ಗೊತ್ತಿರುವ ಕಾನೂನು ಇದು, ನನ್ನ ಕೈಯೂ ಮೊದಲು ಅಲ್ಲಿಗೇ ಹೋಯಿತು. ಕಂಪನಿಯ ವಕೀಲರು ಒಂದೇ ಸಾಲಿನ ಉತ್ತರ ಬರೆದರು: ನಮ್ಮ ಕಾರ್ಖಾನೆ ಇಎಸ್‌ಐಗೆ ಒಳಪಟ್ಟಿದೆ, ಈ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ತಿಂಗಳ ಪಗಾರ 21,000ದೊಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಹೆರಿಗೆಯ ಹಣ ಬರಬೇಕಾದದ್ದು ಇಎಸ್‌ಐ ನಿಗಮದಿಂದ, ಕಂಪನಿಯಿಂದಲ್ಲ. ಇಎಸ್‌ಐ ಕಾರ್ಡಿನ ಝೆರಾಕ್ಸ್ ಮೊದಲ ದಿನವೇ ನನ್ನ ಮೇಜಿನ ಮೇಲಿತ್ತು. ನಾನು ಗಮನ ಕೊಡಲಿಲ್ಲ, ಒಂದು ತಿಂಗಳು ಹೋಯಿತು.

ಆದರೆ ಆ ಉತ್ತರವೇ ನಮಗೆ ದೊಡ್ಡ ವಿಷಯವೊಂದನ್ನು ಬಿಚ್ಚಿಟ್ಟಿತು. ಆಕೆಯನ್ನು ಆರು ತಿಂಗಳು ರಜೆಯ ಮೇಲೆ ಕಳಿಸಿದ್ದರೆ ಕಂಪನಿಗೆ ಪಗಾರದ ಖರ್ಚು ಒಂದು ರೂಪಾಯಿಯೂ ಇರಲಿಲ್ಲ. 2019ರ ಜುಲೈನಿಂದ ಇಎಸ್‌ಐಗೆ ಕಂಪನಿ ತುಂಬುವ ವಂತಿಗೆ ಪಗಾರದ ಶೇ. 3.25, ಕೆಲಸಗಾರರದು ಶೇ. 0.75. ಇಬ್ಬರೂ ವರ್ಷಗಟ್ಟಲೆ ತುಂಬಿದ ಈ ಹಣ ಇಂಥ ಹೊತ್ತಿಗೆಂದೇ ಇರುವುದು. ಹಾಗಿದ್ದ ಮೇಲೆ ರಾಜೀನಾಮೆ ಬರೆಸಿಕೊಂಡಿದ್ದು ಯಾಕೆ? ಆರು ತಿಂಗಳಿಗೆ ಒಬ್ಬ ಬದಲಿ ಹುಡುಗನನ್ನು ಹುಡುಕುವ ತಾಪತ್ರಯ ಬೇಡವೆಂದು. ಹಡೆದ ಹೆಣ್ಣು ಮತ್ತೆ ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. ಅವರು ಹೇಳಿಕೊಂಡ ಕಾರಣ ಮಾತ್ರ ಖರ್ಚು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಇಎಸ್‌ಐನ ಹೆರಿಗೆ ಹಣಕ್ಕೆ ಹೆರಿಗೆಯ ದಿನ ಕೆಲಸದಲ್ಲಿ ಇರಲೇಬೇಕು ಎಂದಿಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಬಿದ್ದಿದ್ದರೆ ಸಾಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅದರ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು, ಅದರ ಸೌಲಭ್ಯ ಜುಲೈನಿಂದ ಡಿಸೆಂಬರ್‌ವರೆಗೆ. ಈಕೆ ಹಡೆದದ್ದು 2022ರ ಮೇ. ಹಾಗಾಗಿ ಲೆಕ್ಕಕ್ಕೆ ಬರುವುದು 2021ರ ಏಪ್ರಿಲ್–ಸೆಪ್ಟೆಂಬರ್ ಮತ್ತು ಅದರ ಹಿಂದಿನ ಅವಧಿ. ಎರಡರಲ್ಲೂ ಆಕೆ ತುಂಬ ದಿನ ದುಡಿದಿದ್ದಳು. ಜನವರಿಯ ರಾಜೀನಾಮೆ ಆ ವಂತಿಗೆಯನ್ನು ಅಳಿಸುವುದಿಲ್ಲ. ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಹಾಕಿದೆವು. ಹಣ ಮಂಜೂರಾಯಿತು, ಮೊತ್ತ 70,000 ದಾಟಿತು. ಈ ಹಣ ತನ್ನದೆಂದು ಆಕೆಗೆ ಒಬ್ಬರೂ ಹೇಳಿರಲಿಲ್ಲ. ಹೇಳಬೇಕಾದವರು ರಾಜೀನಾಮೆಗೆ ಸಹಿ ಮಾಡಿಸುತ್ತ ಕೂತಿದ್ದರು.

ಇಲ್ಲಿ ಆಗಿನ ಕಾನೂನಿನಲ್ಲೇ ಒಂದು ಬಿರುಕಿತ್ತು. ಇಎಸ್‌ಐ ಕಾಯ್ದೆಯ 73ನೇ ಕಲಂ ಪ್ರಕಾರ ಹೆರಿಗೆ ಹಣ ಪಡೆಯುತ್ತಿರುವ ಅವಧಿಯಲ್ಲಿ ಯಾರನ್ನೂ ತೆಗೆಯುವಂತಿರಲಿಲ್ಲ. ಅದಕ್ಕೂ ಮೊದಲೇ, ಆರನೇ ತಿಂಗಳಲ್ಲೇ ಕಳಿಸಿಬಿಟ್ಟರೆ ಆ ಕಲಂ ಕೈಗೆ ಬರುತ್ತಿರಲಿಲ್ಲ. ಹೆರಿಗೆ ಕಾಯ್ದೆಯ 12ನೇ ಕಲಂ ಅಂತೂ ಇಎಸ್‌ಐ ಕಾರ್ಖಾನೆಗೆ ಇರಲೇ ಇಲ್ಲ. ಕಡಿಮೆ ಪಗಾರದ ಹೆಣ್ಣುಮಕ್ಕಳಿಗೇ ಈ ರಕ್ಷಣೆ ತೆಳುವಾಗಿದ್ದದ್ದು ನನಗೆ ಇವತ್ತಿಗೂ ಸಹಿಸಲಾಗದ ಮಾತು. ಕೆಲಸದ ಪ್ರಶ್ನೆಯನ್ನು ನಾವು ಕೈಗಾರಿಕಾ ವಿವಾದ ಕಾಯ್ದೆಯ ದಾರಿಯಿಂದ ತರಬೇಕಾಯಿತು.

ಒಂದು ಹಾಳೆ, ಎರಡು ಸಹಿ

ಪಗಾರದ ತಾರತಮ್ಯಕ್ಕೆ ಆಗ ಇದ್ದದ್ದು 1976ರ ಸಮಾನ ವೇತನ ಕಾಯ್ದೆ. ಅದರ 4ನೇ ಕಲಂ ಪ್ರಕಾರ ಅದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಪಗಾರ ಕೊಡುವಂತಿರಲಿಲ್ಲ. 5ನೇ ಕಲಂ ನೇಮಕ, ಬಡ್ತಿ, ತರಬೇತಿ, ವರ್ಗಾವಣೆಗಳಿಗೂ ಇದನ್ನೇ ಹೇಳುತ್ತಿತ್ತು. ಸಂವಿಧಾನದ 14, 15, 16ನೇ ವಿಧಿಗಳನ್ನು ಖಾಸಗಿ ಕಂಪನಿಯ ಮೇಲೆ ನೇರವಾಗಿ ಹೂಡಲು ಬರುವುದಿಲ್ಲ. ಗಗನಸಖಿಯರನ್ನು ಮೊದಲ ಬಸಿರಿಗೇ ಮನೆಗೆ ಕಳಿಸುವ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದು ಮಾಡಿದ್ದು ಆಗ ಸರ್ಕಾರದ್ದಾಗಿದ್ದ ಏರ್ ಇಂಡಿಯಾ ವಿರುದ್ಧ. ಉದ್ಯಮಬಾಗಕ್ಕೆ ಬೇಕಾದದ್ದು ಕಾಯ್ದೆಯ ಬಲ.

ಕೆಲಸ ಬಿಟ್ಟ ಮೇಲೆ ಈ ಕಾಯ್ದೆಯಡಿ ಹಕ್ಕು ಕೇಳಬಹುದಿತ್ತೇ? ಕೇಳಬಹುದಿತ್ತು ಎನ್ನುವುದಕ್ಕೆ ಹೆಸರುವಾಸಿ ತೀರ್ಪೇ ಇದೆ. ಮೆಕಿನನ್ ಮೆಕೆಂಝಿ ಕಂಪನಿಯಲ್ಲಿ ಸ್ಟೆನೊ ಆಗಿದ್ದ ಆಡ್ರೆ ಡಿ'ಕೋಸ್ಟಾ ಅವರನ್ನು 1977ರಲ್ಲಿ ಕೆಲಸದಿಂದ ತೆಗೆಯಲಾಯಿತು. ಗಂಡು ಸ್ಟೆನೊಗಳಿಗಿಂತ ಕಡಿಮೆ ಸಿಕ್ಕಿದ ಪಗಾರದ ಬಾಕಿಯನ್ನು ಅವರು ಕೇಳಿದ್ದು ಹೊರಬಿದ್ದ ಮೇಲೆ. ಯೂನಿಯನ್ ಜೊತೆ ಒಪ್ಪಂದ ಆಗಿದೆ ಎಂದಿತು ಕಂಪನಿ, ಹಣದ ಮುಗ್ಗಟ್ಟು ಎಂದೂ ಹೇಳಿತು. 1987ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಕಾಯ್ದೆ ಕೊಟ್ಟದ್ದನ್ನು ಒಪ್ಪಂದ ಕಿತ್ತುಕೊಳ್ಳಲಾರದು, ಕಂಪನಿಯ ಕೈ ಬಿಗಿ ಇದೆ ಎಂಬುದು ಹೆಣ್ಣಿಗೆ ಕಡಿಮೆ ಕೊಡಲು ಕಾರಣವಾಗಲಾರದು. ಇದನ್ನು ಆಕೆಗೆ ಓದಿ ಹೇಳಿದಾಗ, "ಅವರದೂ ಕೆಲಸಾ ಹೋದ ಮ್ಯಾಲೆ ಕೇಳಿದ್ದನ್ರಿ?" ಎಂದು ಎರಡು ಸಲ ಕೇಳಿದಳು.

"ಅದೇ ಬಗೆಯ ಕೆಲಸ" ಎಂದು ತೋರಿಸುವುದು ಎಲ್ಲ ಕಡೆ ಕಷ್ಟ. ಇಲ್ಲಿ ಒಂದೇ ಹಾಳೆಯಲ್ಲಿ ಮುಗಿಯಿತು. 2021ರಲ್ಲಿ ಗ್ರಾಹಕರೊಬ್ಬರ ತಕರಾರು ಬಂದಾಗ ಆಕೆ ಒಂದು ಇನ್‌ಸ್ಪೆಕ್ಷನ್ ರಿಪೋರ್ಟಿನ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದ್ದಳು, ಅದು ಫೋನಿನಲ್ಲೇ ಉಳಿದಿತ್ತು. ಸ್ಪೂಲ್ ಎಂಬ ವಾಲ್ವಿನ ಬಿಡಿಭಾಗದ ವ್ಯಾಸದ ಅಳತೆ. ಮೇಲಿನ ಹತ್ತು ರೀಡಿಂಗ್ ಮೊದಲ ಶಿಫ್ಟಿನವು, ಕೆಳಗೆ ಆಕೆಯ ಸಹಿ. ಅದರ ಕೆಳಗಿನ ಹತ್ತು ಎರಡನೇ ಶಿಫ್ಟಿನವು, ಅವನ ಸಹಿ. ಅದೇ ಜಾಬ್ ನಂಬರ್, ಅದೇ ಗೇಜಿನ ನಂಬರ್, ಅದೇ ಕಾಲಂ. ಮೇಲಿನ ಅರ್ಧಕ್ಕೆ 2,600 ಕಡಿಮೆ ಎಂದು ಯಾವ ಬಾಯಿಂದ ಹೇಳುತ್ತಾರೆ?

ಅವನು ರಾತ್ರಿ ಪಾಳಿ ಮಾಡುತ್ತಾನೆ ಎಂದರು. ನಿಜ, ತಿಂಗಳಿಗೆ ಒಂದು ವಾರ ಮಾಡುತ್ತಿದ್ದ. ಆದರೆ ಅವನ ಪೇಸ್ಲಿಪ್ಪಿನಲ್ಲಿ ರಾತ್ರಿ ಭತ್ಯೆಗೆ ಬೇರೆಯೇ ಕಾಲಂ ಇತ್ತು. ಪಾಳಿಗೆ ಪಾಳಿಯ ಹಣ ಸಂದಿತ್ತು, 2,600 ಇದ್ದದ್ದು ಮೂಲ ಪಗಾರದಲ್ಲಿ. ಆ ಪೇಸ್ಲಿಪ್ ಕೊಟ್ಟವನು ಅವನೇ. "ಅಕ್ಕಾ, ಕೆಲಸಾ ಕಲಿಸಿದಾಕಿ ನೀ. ನನ್ನ ಹೆಸರು ಬಂದ್ರೂ ಬರಲಿ," ಎಂದಿದ್ದನಂತೆ. ನಾವು ಅದನ್ನು ಹಾಜರುಪಡಿಸಲಿಲ್ಲ. ಅವನು ಅಲ್ಲೇ ಉಣ್ಣಬೇಕಾದ ಹುಡುಗ. ಬದಲಿಗೆ ಪಗಾರದ ರಜಿಸ್ಟರ್ ಮತ್ತು ಕಾಯ್ದೆ ಪ್ರಕಾರ ಇಡಬೇಕಾದ ನಮೂನೆ 'ಡಿ' ವಹಿಯನ್ನು ತರಿಸಿ ಎಂದು ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟೆವು. ಯಾವ ಕೆಲಸಕ್ಕೆ ಎಷ್ಟು ಗಂಡಸರು, ಎಷ್ಟು ಹೆಂಗಸರು, ಪಗಾರ ಎಷ್ಟು ಎಂದು ಬರೆದಿಡುವ ವಹಿ ಅದು. ವಹಿ ಇರಲೇ ಇಲ್ಲ. ಪಗಾರದ ರಜಿಸ್ಟರ್ ಬಂತು, ಪೇಸ್ಲಿಪ್ಪಿನಲ್ಲಿ ಇದ್ದದ್ದೇ ಅಲ್ಲೂ ಇತ್ತು.

ಬಾಕಿಯನ್ನು ನಾನು ಲೆಕ್ಕ ಹಾಕಿದ್ದು ಹೀಗೆ: 2019ರ ಆಗಸ್ಟ್‌ನಿಂದ 2022ರ ಜನವರಿವರೆಗೆ 30 ತಿಂಗಳು, ತಿಂಗಳಿಗೆ 2,600, ಒಟ್ಟು 78,000. ಆಕೆ ಕಾಗದ ನೋಡಿ, "ಲಾಕ್‌ಡೌನದಾಗ ಎರಡು ತಿಂಗಳ ಎಲ್ಲಾರಿಗೂ ಅರ್ಧಾ ಪಗಾರ ಇತ್ರಿ ಅಕ್ಕಾರ. ಅದನ್ನ ತಗೀರಿ," ಎಂದಳು. ತೆಗೆದೆವು. 75,400 ಆಯಿತು. ಎದುರಿನ ವಕೀಲರು ಅಂಕಿಯಲ್ಲಿ ತಪ್ಪು ಹುಡುಕಲು ಕೂತಾಗ ಅವರಿಗೆ ಏನೂ ಸಿಗಲಿಲ್ಲ.

ಈ ಅಂತರ ಪಗಾರದಲ್ಲೇ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. ಇಎಸ್‌ಐ ಹೆರಿಗೆ ಹಣ ದಿನದ ಸರಾಸರಿ ಪಗಾರದ ಮೇಲೆ ನಿಲ್ಲುತ್ತದೆ. ಪಗಾರ 2,600 ಕಡಿಮೆಯಾದ್ದರಿಂದ 26 ವಾರದಲ್ಲಿ 15,000ಕ್ಕೂ ಹೆಚ್ಚು ಅಲ್ಲಿಯೂ ಖೋತಾ. ಪಿಎಫ್‌ನಲ್ಲಿ ಕಂಪನಿಯ ಪಾಲು ಶೇ. 12ರಂತೆ 9,048 ಖೋತಾ. ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ಗ್ರಾಚುಯಿಟಿಯದು ಇನ್ನೂ ಕಹಿ. ಐದು ವರ್ಷ ತುಂಬಿದರೆ ಮಾತ್ರ ಗ್ರಾಚುಯಿಟಿ, ಹೆರಿಗೆ ರಜೆಯ 26 ವಾರವೂ ಸೇವೆಯೊಳಗೇ ಎಣಿಕೆಯಾಗುತ್ತದೆ. 2017ರ ಜುಲೈನಲ್ಲಿ ಸೇರಿದವಳನ್ನು ರಜೆಯ ಮೇಲೆ ಕಳಿಸಿದ್ದರೆ, ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಆಕೆಯ ಐದು ವರ್ಷವೂ ತುಂಬುತ್ತಿತ್ತು. ಸರಿಯಾದ ಪಗಾರದ ಲೆಕ್ಕದಲ್ಲಿ 42,981 ರೂಪಾಯಿ. ರಾಜೀನಾಮೆ ಅದನ್ನೂ ನುಂಗಿತ್ತು.

ಮೂರು ಪತ್ರ, ಒಂದೇ ತಪ್ಪು

ಈಗ ರಾಜೀನಾಮೆಯ ವಿಷಯ. ತಾನಾಗಿ ಬಿಟ್ಟಳು ಎಂಬುದೇ ಕಂಪನಿಯ ದೊಡ್ಡ ಗೋಡೆ. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆ ಕೆಲಸದಿಂದ ತೆಗೆದದ್ದಕ್ಕೆ ಸಮ, ಆದರೆ ಒತ್ತಾಯವನ್ನು ನಾವೇ ಸಾಬೀತು ಮಾಡಬೇಕು. ನಮ್ಮ ಹತ್ತಿರ ಸೂಪರ್‌ವೈಸರ್ ಕಳಿಸಿದ ಒಂದು ವಾಟ್ಸಾಪ್ ಸಂದೇಶ ಇತ್ತು, "ಡೆಲಿವರಿ ಆದ ಮ್ಯಾಲೆ ನೋಡೂಣು" ಎಂಬ ಅರ್ಧ ಸಾಲು. ಅದೊಂದೇ ಸಾಲದು.

ಪತ್ರವನ್ನು ನಾನು ಹತ್ತು ಸಲ ಓದಿದ್ದೆ. ಹನ್ನೊಂದನೇ ಸಲ ಕಣ್ಣಿಗೆ ಬಿತ್ತು. 'ಸ್ವಂತ ಕಾರಣ' ಎನ್ನಲು 'ಪರ್ಸನಲ್' ಎಂದು ಬರೆಯಬೇಕಾದ ಕಡೆ 'ಪರ್ಸೊನೆಲ್' ಎಂದಿತ್ತು, ಅಂದರೆ ಸಿಬ್ಬಂದಿ. ಡಿಪ್ಲೊಮಾ ಓದಿದ, ನಾಲ್ಕೂವರೆ ವರ್ಷ ಇಂಗ್ಲಿಷಿನಲ್ಲೇ ರಿಪೋರ್ಟು ಬರೆದ ಹುಡುಗಿಯ ತಪ್ಪಲ್ಲ ಇದು. ದಿನಾ 'ಪರ್ಸೊನೆಲ್' ವಿಭಾಗದ ಕಾಗದ ಟೈಪ್ ಮಾಡುವ ಕೈಯ ತಪ್ಪು. ಆಕೆಗೂ ಮೊದಲು ಯಾರಾದರೂ ಹೀಗೆ ಬಿಟ್ಟಿದ್ದರೇ ಎಂದು ಕೇಳಿದೆ. ಇಬ್ಬರಿದ್ದರು. ಒಬ್ಬಳು ಮದುವೆಯಾಗಿ ಗೋಕಾಕದಲ್ಲಿದ್ದಳು, ಇನ್ನೊಬ್ಬಳು ಹುಕ್ಕೇರಿ ಕಡೆಯವಳು. ಇಬ್ಬರ ಪತ್ರವೂ ಸಿಕ್ಕವು. ಹೆಸರು, ತಾರೀಖು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಒಂದೇ, 'ಪರ್ಸೊನೆಲ್' ಸಹಿತ. ಮೂವರೂ ಹೆಂಗಸರು. ಇಬ್ಬರು ಬಸುರಿಯರು, ಒಬ್ಬಳು ನಿಶ್ಚಿತಾರ್ಥ ಆದವಳು. ಮೂವರಿಗೂ ಸ್ವಂತ ಕಾರಣ ಒಂದೇ ಮಾತಿನಲ್ಲಿ, ಒಂದೇ ತಪ್ಪಿನೊಡನೆ ಹೊಳೆಯಿತೆಂದು ನಂಬುವುದು ಹೇಗೆ?

ಆಕೆ ಸೂಪರ್‌ವೈಸರ್ ಸಮಾನಳು, ಪಗಾರ 10,000 ದಾಟಿದೆ, ಹಾಗಾಗಿ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕಳೇ ಅಲ್ಲ ಎಂಬ ವಾದವನ್ನೂ ಹೂಡಿದರು. ಹುದ್ದೆಯ ಹೆಸರು ಇಲ್ಲಿ ಲೆಕ್ಕಕ್ಕಿಲ್ಲ, ಕೈ ಮಾಡಿದ ಕೆಲಸ ಲೆಕ್ಕ. ಆಕೆ ಯಾರಿಗೂ ರಜೆ ಕೊಡುತ್ತಿರಲಿಲ್ಲ, ಯಾರ ಹಾಜರಿಯೂ ಆಕೆಯ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಮೈಕ್ರೋಮೀಟರ್. ವಾದ ಅಲ್ಲಿಗೇ ಬಿತ್ತು.

ಅವಧಿಯ ಮಾತು ಸ್ವಲ್ಪ ಹೇಳುತ್ತೇನೆ, ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಕೆಲಸ ಹೋದ ಆರು ತಿಂಗಳೊಳಗೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗಲು ಅದೇ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ 10(4-ಎ) ಕಲಂ ಇತ್ತು. ಆಕೆ ಬರುವ ಹೊತ್ತಿಗೆ ಆ ಬಾಗಿಲು ಮುಚ್ಚಿತ್ತು. 2010ರ ಕೇಂದ್ರ ತಿದ್ದುಪಡಿಯ 2-ಎ ಕಲಂ ಉಳಿದಿತ್ತು. ಅದರಂತೆ ರಾಜಿ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ಕೋರ್ಟಿಗೆ ಹೋಗಬಹುದಿತ್ತು, ಒಟ್ಟು ಮೂರು ವರ್ಷದೊಳಗೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಮಾನ ವೇತನದ ನಿಯಮ ಈಗ ವೇತನ ಸಂಹಿತೆಯೊಳಗಿದೆ, ಬಾಕಿ ಕೇಳಲು ಮೂರು ವರ್ಷ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಇದ್ದ ಮೂರು ವರ್ಷ ಮಾತ್ರ ಎರಡಕ್ಕೆ ಇಳಿದಿದೆ. ಕೂಸು ನಡೆಯಲು ಕಲಿಯಲಿ, ಆಮೇಲೆ ನೋಡೋಣ ಎಂದು ಕೂತರೆ ಕೈ ತಪ್ಪುತ್ತದೆ.

ಲೇಬರ್ ಆಫೀಸಿನ ಮೂರನೇ ಸಭೆ

ಮೊದಲೆರಡು ರಾಜಿ ಸಂಧಾನ ಸಭೆಗೆ ಕಂಪನಿಯಿಂದ ಬಂದವರು ಸುಮ್ಮನೆ ಸಮಯ ಕೇಳಿ ಹೋದರು. ಮೂರನೆಯದಕ್ಕೆ ಮಾಲೀಕರೇ ಬಂದರು. ಮೂರು ಪತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಅವರ ವಕೀಲರು ತಲೆ ತಗ್ಗಿಸಿದರು. ಮಾಲೀಕರು ಮಾತ್ರ, "ಗಂಡ್ಮಕ್ಕಳು ಮನಿ ನಡಸೋರು ಅಲ್ರಿ, ಅದಕ್ಕ ನಾಕು ರೂಪಾಯಿ ಹೆಚ್ಚ ಕೊಡತೀವಿ," ಎಂದುಬಿಟ್ಟರು. ಕೋಣೆಯಲ್ಲಿದ್ದ ಯಾರೂ ಅಷ್ಟು ಬಿಚ್ಚಿ ಹೇಳಿರಲಿಲ್ಲ. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಒಳಗೆ ಬಂದರು. "ಸಾಹೇಬ್ರ, ನನ್ನ ಮಗಾ ಟೆಂಪೊ ಹೊಡಿತಾನ. ಮಳಿಗಾಲದಾಗ ಮೂರು ತಿಂಗಳ ಗಾಡಿ ನಿಂತಿರತೈತಿ. ಆವಾಗ ನಮ್ಮ ಮನಿ ನಡಸಿದಾಕಿ ಈಕಿ." ಅಧಿಕಾರಿ ಅವರನ್ನು ಹೊರಗೆ ಕಳಿಸಲಿಲ್ಲ, ಕುರ್ಚಿ ಕೊಟ್ಟರು.

2023ರ ಮಾರ್ಚಿನಲ್ಲಿ ಒಪ್ಪಂದವಾಯಿತು. ಪಗಾರದ ಬಾಕಿ 75,400, ಪಿಎಫ್ ಪಾಲು, ಗ್ರಾಚುಯಿಟಿಯ ಮೊತ್ತ, ಇಎಸ್‌ಐ ಖೋತಾಕ್ಕೆ 15,000, ಕೆಲಸ ಕಳೆದದ್ದಕ್ಕೆ ಸರಿಯಾದ ಪಗಾರದಂತೆ ಆರು ತಿಂಗಳಿನ 89,400. ಅಲ್ಲಿ ಉಳಿದಿದ್ದ ಹೆಣ್ಣುಮಕ್ಕಳ ಪಗಾರವನ್ನೂ ಸರಿಮಾಡುತ್ತೇವೆಂದು ಬರೆದುಕೊಟ್ಟರು. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲೂ ಒಪ್ಪಿದರು, ಆಕೆ ಬೇಡವೆಂದಳು. ನಾನು ಹೋಗು ಎಂದು ಒತ್ತಾಯಿಸಿದ್ದೆ. ಆಕೆ ಮಚ್ಛೆಯ ಬೇರೊಂದು ಘಟಕದಲ್ಲಿ ಮಾತಾಡಿಯಾಗಿತ್ತು. ಆಕೆಗೆ ಬೇಕಾಗಿದ್ದದ್ದು ಸರಿಯಾದ ಅನುಭವ ಪತ್ರ. ಕೆಲಸ ಬಿಟ್ಟದ್ದಕ್ಕೆ 'ಸ್ವಂತ ಕಾರಣ' ಎಂದು ಅದರಲ್ಲಿ ಇರಕೂಡದು ಎಂದು ಪಟ್ಟು ಹಿಡಿದಳು. ಮೊದಲ ಕರಡಿನಲ್ಲಿ ಇತ್ತು. ವಾಪಸು ಕಳಿಸಿ ಬೇರೆ ಬರೆಸಿಕೊಂಡಳು.

ಗೋಕಾಕದವಳು ಮುಂದುವರಿಯಲು ಒಪ್ಪಲಿಲ್ಲ, ಗಂಡನ ಮನೆಯಲ್ಲಿ ಬೇಡ ಎಂದರಂತೆ. ಹುಕ್ಕೇರಿಯವಳು ಬಿಟ್ಟದ್ದು 2019ರ ಮಾರ್ಚಿನಲ್ಲಿ, ನಮ್ಮ ಹತ್ತಿರ ಬಂದಾಗ ಮೂರು ವರ್ಷ ಮೀರಿ ಏಳು ತಿಂಗಳಾಗಿತ್ತು. ಕೆಲಸದ ಬಗ್ಗೆ ಆಕೆಗೆ ಏನೂ ಮಾಡಿಕೊಡಲಾಗಲಿಲ್ಲ. ಪಗಾರದ ಬಾಕಿಗೆ ಅರ್ಜಿ ಹಾಕಲು ಪೇಸ್ಲಿಪ್ ಕೇಳಿದೆ, ಒಂದೂ ಇಟ್ಟಿರಲಿಲ್ಲ. ಪಗಾರ ಜಮೆಯಾಗುತ್ತಿದ್ದ ಬ್ಯಾಂಕಿನ ಹಳೆ ಪಾಸ್‌ಬುಕ್ ತವರಿನ ಟ್ರಂಕಿನಲ್ಲಿ ಇರಬಹುದು ಎಂದಳು. ಹುಡುಕಿ ತಾ ಎಂದು ಬಸ್ ಹತ್ತಿಸಿದೆ. ಎಂಟು ದಿನಕ್ಕೆ ತಂದಳು. ಮೂಲೆ ಇಲಿ ಕಡಿದಿತ್ತು, ಅಂಕಿಗಳು ಉಳಿದಿದ್ದವು.